ನಮ್ಮೂರಿನ ಅಂಬಾಸಿಡರಿಗೆ ರೋಲರ್ ಬೇಡ

ಊರಿಗೆ ಬಂದಾಗ ಹಾಸನದ ಗ್ಯಾರೇಜುಗಳಲ್ಲಿ, ಸಕಲೇಶಪುರದ ತೋಟದ ಮನೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಎದುರಾಗುತ್ತಿದೆ. “ಅಮೆರಿಕದಲ್ಲಿ ಹಳೇ ಇಂಜಿನ್‌ಗೆಲ್ಲ ರೋಲರ್ ಟ್ಯಾಪೆಟ್ ಹಾಕ್ಕೊಳ್ತಾರಂತಲ್ಲ, ನಮ್ ಗಾಡಿಗೂ ಆಗುತ್ತಾ?” ರೋಲರ್ ಟ್ಯಾಪೆಟ್ ಎಂದರೆ ಇಂಜಿನ್ನಿನ ವಾಲ್ವನ್ನು ಎತ್ತುವ ಟ್ಯಾಪೆಟ್ಟಿನ ತಳಕ್ಕೆ ಪುಟ್ಟ ಚಕ್ರ ಕೂರಿಸಿದ್ದು. ಕೇಳುವವರು ಮೊಬೈಲಿನಲ್ಲಿ ವಿಡಿಯೊ ನೋಡಿರುತ್ತಾರೆ. ಮನೆಯ ಶೆಡ್ಡಿನಲ್ಲಿ ಅಪ್ಪನ ಕಾಲದ ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ ತೋಟದ ಜೀಪೋ ನಿಂತಿರುತ್ತದೆ. ಅದು ಮಕ್ಕಳ ಕಾಲಕ್ಕೂ ಓಡಲಿ ಎಂಬ ಆಸೆ ಅವರದು. ನನಗೂ ಅದೇ ಆಸೆ. ಮಿಷಿಗನ್ನಿನಲ್ಲಿ ನೆಲೆಸಿ, ಅಲ್ಲಿನ ಹಳೆ ಕಾರಿನವರ ಒಡನಾಟದಲ್ಲಿ ಈ ರೋಲರ್ ಕೆಲಸವನ್ನು ಹತ್ತಿರದಿಂದ ನೋಡಿದವನಾಗಿ ನನ್ನ ಉತ್ತರ ಒಂದೇ: ಬೇಡ. ಅಲ್ಲಿಂದ ನಾವು ಕಲಿತು ತರಬೇಕಾದದ್ದು ಬೇರೆ ಇದೆ.

ಈ ಇಂಜಿನ್‌ಗಳಲ್ಲಿ ವಾಲ್ವುಗಳನ್ನು ತೆರೆಸುವ ದಂಡ, ಅಂದರೆ ಕ್ಯಾಮ್ ಶಾಫ್ಟ್, ಬ್ಲಾಕಿನೊಳಗೇ ಇರುತ್ತದೆ. ಅದರ ಮೇಲಿನ ಮೊಟ್ಟೆಯಾಕಾರದ ಭಾಗ, ಲೋಬ್, ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ ಪುಶ್ ರಾಡನ್ನು, ಪುಶ್ ರಾಡ್ ರಾಕರನ್ನು, ರಾಕರ್ ವಾಲ್ವನ್ನು. ಟ್ಯಾಪೆಟ್ಟಿನ ತಳ ಕಣ್ಣಿಗೆ ಚಪ್ಪಟೆ, ಆದರೆ ಪೂರ್ತಿ ಚಪ್ಪಟೆಯಲ್ಲ. ನಡುವೆ ಕೂದಲೆಳೆಗಿಂತ ಕಡಿಮೆ ಉಬ್ಬಿರುತ್ತದೆ, ಲೋಬಿನ ಮೈಯೂ ಒಂದು ಬದಿಗೆ ತುಸು ಇಳಿಜಾರಾಗಿರುತ್ತದೆ. ಹೀಗಾಗಿ ಲೋಬ್ ಟ್ಯಾಪೆಟ್ಟನ್ನು ಎತ್ತುವಾಗಲೇ ತಿರುಗಿಸುತ್ತದೆ. ತಿರುಗಿದರೆ ಸವೆತ ತಳದ ತುಂಬ ಹಂಚಿಕೊಳ್ಳುತ್ತದೆ. ತಿರುಗುವುದು ನಿಂತರೆ ಒಂದೇ ಜಾಗ ಉಜ್ಜಿ ಗುಂಡಿ ಬಿದ್ದು, ಸ್ವಲ್ಪ ದಿನದಲ್ಲೇ ಲೋಬ್ ಕೂಡ ಸವೆದು ಬೋಳಾಗುತ್ತದೆ. ಆ ಲೋಹದ ಪುಡಿ ಎಣ್ಣೆಯ ಜತೆ ಬೇರಿಂಗುಗಳಿಗೂ ಹೋಗುತ್ತದೆ.

ಅಮೆರಿಕದವರು ರೋಲರ್ ಕಡೆ ಹೊರಳಿದ್ದಕ್ಕೆ ದೊಡ್ಡ ಕಾರಣ ಎಣ್ಣೆ. ಟ್ಯಾಪೆಟ್ಟಿಗೂ ಲೋಬಿಗೂ ನಡುವಿನ ಒತ್ತಡ ತಡೆಯಲು ಎಣ್ಣೆಯಲ್ಲಿ ಸತು ಮತ್ತು ರಂಜಕ ಇರುವ ಝಡ್‌ಡಿಡಿಪಿ ಎಂಬ ರಾಸಾಯನಿಕ ಬೆರೆಸುತ್ತಾರೆ. ಆ ರಂಜಕ ಉರಿದು ಹೋಗಿ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹಾಗಾಗಿ 2004ರಲ್ಲಿ ಬಂದ, ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆಯ (ಎಪಿಐ) ಎಸ್‌ಎಂ ಎಂಬ ಎಣ್ಣೆ ದರ್ಜೆ, 5ಡಬ್ಲ್ಯು-30ರಂಥ ತೆಳು ಎಣ್ಣೆಗಳಲ್ಲಿ ರಂಜಕ ಶೇ 0.08 ಮೀರಬಾರದೆಂದು ಮಿತಿ ಹಾಕಿತು. ಹೊಸ ಇಂಜಿನ್‌ಗಳಿಗೆ ಅದು ಸಾಕು. ಹಳೆಯವಕ್ಕೆ, ಅದರಲ್ಲೂ ಹೊಸ ಕ್ಯಾಮ್ ಕೂರಿಸಿದ ಮೊದಲ ಗಂಟೆಗೆ, ಸಾಲದು. ಅಲ್ಲಿ ಕ್ಯಾಮ್‌ಗಳು ಹಾಳಾಗತೊಡಗಿದಾಗ, ಷೆವರ್ಲೆ ಕಂಪನಿಯೇ ತನ್ನ ಸಣ್ಣ ವಿ-8ಕ್ಕೆ (ಎಂಟು ಸಿಲಿಂಡರಿನ ಇಂಜಿನ್ನಿಗೆ) 1987ರಿಂದ ರೋಲರ್ ಹಾಕಿರುವಾಗ ನಾವೂ ಹಾಕೋಣ ಎಂಬ ಯೋಚನೆ ಬಲವಾಯಿತು. ಆ ಇಂಜಿನ್ನಿಗೆ ಅದು ಸರಿಯಾದ ಯೋಚನೆಯೇ. ಉಜ್ಜುವ ಕಡೆ ಉರುಳಿದರೆ ಘರ್ಷಣೆ ಕಡಿಮೆ, ವಾಲ್ವನ್ನು ಬೇಗ ತೆರೆಯಬಹುದು, ಮೊದಲ ಓಟದ ಭಯವಿಲ್ಲ.

ಆದರೆ ವಿಡಿಯೊದಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಆ ಕೆಲಸದ ಹಿಂದೆ ಏನೆಲ್ಲ ಇದೆ ನೋಡಿ. ಟ್ಯಾಪೆಟ್ ಮಾತ್ರ ಬದಲಿಸುವಂತಿಲ್ಲ. ಲೋಬಿನ ಆಕಾರವೇ ಬೇರೆಯಾದ್ದರಿಂದ ಚಪ್ಪಟೆ ಟ್ಯಾಪೆಟ್ಟಿನ ಕ್ಯಾಮ್ ಮೇಲೆ ರೋಲರ್ ಓಡಿಸಬಾರದು, ಕ್ಯಾಮ್ ಶಾಫ್ಟೇ ಹೊಸದು ಬೇಕು. ಹಳೆಯದು ಎರಕದ ಕಬ್ಬಿಣ, ಹೊಸದು ಸಾಮಾನ್ಯವಾಗಿ ಉಕ್ಕು. ಉಕ್ಕಿನ ಕ್ಯಾಮ್, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಹಳೆ ಗೇರನ್ನು ತಿಂದುಹಾಕುತ್ತದೆ. ಕಂಚಿನದೋ ಅದಕ್ಕೆ ಹೊಂದುವ ಬೇರೆಯದೋ ಹಾಕಬೇಕು. ಹಳೆ ಲೋಬಿನ ಇಳಿಜಾರು ಕ್ಯಾಮನ್ನು ತಾನಾಗಿ ಹಿಂದಕ್ಕೆ ಒತ್ತಿ ಹಿಡಿಯುತ್ತಿತ್ತು. ರೋಲರ್ ಕ್ಯಾಮಿಗೆ ಆ ಇಳಿಜಾರಿಲ್ಲ, ಆದ್ದರಿಂದ ಅದು ಹಿಂದೆ ಮುಂದೆ ಸರಿಯದಂತೆ ಮುಂಭಾಗದಲ್ಲಿ ತಡೆ ಬೇಕು. ರೋಲರ್ ಟ್ಯಾಪೆಟ್ ಉದ್ದ ಹೆಚ್ಚು, ಅಂದರೆ ಪುಶ್ ರಾಡ್ ಗಿಡ್ಡದ್ದು ಬೇಕು, ಅದನ್ನೂ ಅಳೆದು ತರಿಸಬೇಕು. ವಾಲ್ವ್ ಸ್ಪ್ರಿಂಗ್ ಬದಲಿಸಬೇಕು. ಇನ್ನೊಂದು ಮುಖ್ಯ ಮಾತು: ಚಪ್ಪಟೆ ಟ್ಯಾಪೆಟ್ ತಿರುಗಬೇಕು, ರೋಲರ್ ಟ್ಯಾಪೆಟ್ ತಾನು ತಿರುಗಲೇಬಾರದು, ಅದರ ಚಕ್ರ ಮಾತ್ರ ಉರುಳಬೇಕು. ಚಕ್ರ ಅಡ್ಡ ತಿರುಗಿದರೆ ಕ್ಯಾಮ್ ಮುಗಿದಂತೆ. ಹಳೆ ಬ್ಲಾಕಿನಲ್ಲಿ ಅದನ್ನು ಹಿಡಿಯುವ ಏರ್ಪಾಡು ಇರುವುದಿಲ್ಲವಾಗಿ ಎರಡೆರಡು ಟ್ಯಾಪೆಟ್ಟುಗಳನ್ನು ಪಟ್ಟಿಯಿಂದ ಜೋಡಿಸಿದ ಸೆಟ್ ಹಾಕುತ್ತಾರೆ. ಇಷ್ಟೂ ಅಲ್ಲಿ ಸಾಧ್ಯವಾಗುವುದು ಆ ವಿ-8 ಕೋಟಿಗಟ್ಟಲೆ ತಯಾರಾಗಿ, ಅದಕ್ಕೊಪ್ಪುವ ಪ್ರತಿ ಬಿಡಿಭಾಗವೂ ಅಂಗಡಿಯಲ್ಲಿ ಸಿಗುವುದರಿಂದ. ಆದರೂ ಖರ್ಚು ಸಾವಿರ ಡಾಲರ್ ದಾಟುತ್ತದೆ.

ಅಂಬಾಸಿಡರಿನ 1489 ಸಿಸಿ ಇಂಜಿನ್ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್. ಅದರಲ್ಲಿ ಡಿಸ್ಟ್ರಿಬ್ಯೂಟರಿಗೂ ಆಯಿಲ್ ಪಂಪಿಗೂ ಚಲನೆ ಬರುವುದು ಅದೇ ಕ್ಯಾಮ್ ಶಾಫ್ಟಿನಿಂದ. ಹಾಸನದ ಯಾವ ಸ್ಪೇರ್ ಅಂಗಡಿಯಲ್ಲೂ ಅದಕ್ಕೆ ರೋಲರ್ ಸೆಟ್ ಕೇಳಿ ತರುವಂತಿಲ್ಲ. ಲೇತ್‌ನಲ್ಲಿ ಮಾಡಿಸೋಣ ಎಂದು ಒಬ್ಬರು ಹೇಳಿದರು. ನಮ್ಮ ಲೇತ್ ಕೆಲಸಗಾರರ ಕೈ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಆ ಪುಟ್ಟ ಚಕ್ರದೊಳಗಿನ ಸೂಜಿ ಬೇರಿಂಗು, ಅದರ ಉಕ್ಕಿನ ಗಡಸುತನ ಲೇತ್‌ನಲ್ಲಿ ಬರುವಂಥದ್ದಲ್ಲ. ಬೇರಿಂಗ್ ಒಡೆದರೆ ಆ ಸೂಜಿಗಳು ಸೀದಾ ಇಂಜಿನ್ನಿನೊಳಗೆ ಬೀಳುತ್ತವೆ. ಶಾಂತವಾಗಿ ಓಡುತ್ತಿದ್ದ ಗಾಡಿಗೆ ಈ ಅಪಾಯವನ್ನು ನಾವೇ ತಂದುಕೊಡುವುದು ಯಾಕೆ?

ಹಾಸನ, ಚಿಕ್ಕಮಗಳೂರಿನ ಮೆಕ್ಯಾನಿಕ್ಕುಗಳಲ್ಲಿ ನಾನು ಮೆಚ್ಚುವುದು ಇರುವ ವಸ್ತುವನ್ನು ಉಳಿಸಿಕೊಳ್ಳುವ ಹಟ. ಮಿಷಿಗನ್ನಿನಲ್ಲಿ ಸ್ವಲ್ಪ ಅನುಮಾನ ಬಂದರೂ ಪೂರ್ತಿ ಸೆಟ್ ಬಿಸಾಡಿ ಹೊಸದಕ್ಕೆ ಆರ್ಡರ್ ಹಾಕುತ್ತಾರೆ. ಇಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಸದ್ದು ಕೇಳಿಯೇ, “ಗೌಡ್ರೇ, ಮೂರನೇ ಸಿಲಿಂಡರ್ದು ಟ್ಯಾಪೆಟ್ ಲೂಸಾಗದೆ” ಎನ್ನುತ್ತಾರೆ, ಫೀಲರ್ ಗೇಜ್ ಹಾಕಿ ಸಂದು ಅಳೆದರೆ ಅವರ ಮಾತೇ ನಿಜವಾಗಿರುತ್ತದೆ. ಮೂಡಿಗೆರೆ ಕಡೆಯ ತೋಟಗಳಲ್ಲಿ ಹಳೆ ಜೀಪುಗಳು ಇಂದಿಗೂ ಗೊಬ್ಬರ ಹೊರುತ್ತಿರುವುದು ಇಂಥವರಿಂದ.

ಆದರೆ ಇದೇ ಉಳಿಸುವ ಹಟ ಟ್ಯಾಪೆಟ್ ವಿಷಯದಲ್ಲಿ ಕೈಕೊಡುತ್ತದೆ, ಇದನ್ನು ಹೇಳಲೇಬೇಕು. ಇಂಜಿನ್ ಬಿಚ್ಚಿದಾಗ ಟ್ಯಾಪೆಟ್ಟುಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದು, ಸೀಮೆಎಣ್ಣೆಯಲ್ಲಿ ತೊಳೆದು, ಕೈಗೆ ಸಿಕ್ಕ ಕ್ರಮದಲ್ಲಿ ಮತ್ತೆ ಹಾಕುವುದುಂಟು. ಪ್ರತಿ ಟ್ಯಾಪೆಟ್ ತನ್ನ ಲೋಬಿಗೆ ಒಗ್ಗಿರುತ್ತದೆ, ಅದನ್ನು ಬೇರೆಯದರ ಮೇಲೆ ಕೂರಿಸಬಾರದು. ಹೊಸ ಕ್ಯಾಮ್ ಹಾಕಿದರೆ ಹೊಸ ಟ್ಯಾಪೆಟ್ಟೇ ಬೇಕು, ಇದರಲ್ಲಿ ರಾಜಿ ಇಲ್ಲ. ಗುಂಡಿ ಬಿದ್ದ ತಳವನ್ನು ಕಲ್ಲಿಗೆ ಕೊಟ್ಟು ಸಪಾಟು ಮಾಡಿಸಿದರೆ ಆ ಸಣ್ಣ ಉಬ್ಬು ಹೋಗಿ ಟ್ಯಾಪೆಟ್ ತಿರುಗುವುದೇ ನಿಲ್ಲುತ್ತದೆ. ಎಣ್ಣೆಯಲ್ಲೂ ಹಾಗೆ. ಪ್ರೀತಿಯ ಗಾಡಿಗೆ ದುಬಾರಿ ಎಣ್ಣೆ ಹಾಕೋಣವೆಂದು ಹೊಸ ಕಾರಿನ 5ಡಬ್ಲ್ಯು-30 ತಂದು ಸುರಿಯುತ್ತಾರೆ. ಆ ಪ್ರೀತಿಯೇ ಕ್ಯಾಮಿಗೆ ಮುಳುವಾಗುತ್ತದೆ. ರಂಜಕದ ಆ ಮಿತಿ 20ಡಬ್ಲ್ಯು-50ರಂಥ ದಪ್ಪ ಎಣ್ಣೆಗೆ ಅನ್ವಯಿಸುವುದಿಲ್ಲ, ಅದು ಹಾಸನದಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ.

ಅಮೆರಿಕದಿಂದ ತರಬೇಕಾದದ್ದು ಎಂದೆನಲ್ಲ, ಅದು ಮೊದಲ ಅರ್ಧ ಗಂಟೆಯ ಶಿಸ್ತು. ಹೊಸ ಕ್ಯಾಮ್ ಕೂರಿಸಿದ ಇಂಜಿನ್ನನ್ನು ಅಲ್ಲಿ ಸ್ಟಾರ್ಟ್ ಮಾಡುವ ಮೊದಲೇ ಎಲ್ಲ ಸಜ್ಜು ಮಾಡಿಕೊಂಡಿರುತ್ತಾರೆ: ಲೋಬಿಗೆ, ಟ್ಯಾಪೆಟ್ ತಳಕ್ಕೆ ಅದಕ್ಕೆಂದೇ ಇರುವ ಪೇಸ್ಟ್ ಸವರಿ, ಟೈಮಿಂಗ್ ಸರಿ ಕೂರಿಸಿ, ಕಾರ್ಬ್ಯುರೇಟರಿಗೆ ಪೆಟ್ರೋಲ್ ತುಂಬಿ, ರೇಡಿಯೇಟರ್ ನೀರು ನೋಡಿ. ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂಗೆ ಏರಿಸಿ, ಇಪ್ಪತ್ತರಿಂದ ಮೂವತ್ತು ನಿಮಿಷ ಇಳಿಸುವುದಿಲ್ಲ. ಕ್ಯಾಮಿಗೆ ಎಣ್ಣೆ ಸಿಗುವುದು ಬಹುಪಾಲು ಕ್ರ್ಯಾಂಕ್ ಎರಚಿದ್ದರಿಂದ, ನಿಧಾನ ಓಡಿದರೆ ಎರಚುವುದು ಕಡಿಮೆ. ನಿಧಾನದಲ್ಲಿ ಲೋಬಿನ ತುದಿಯ ಮೇಲೆ ಸ್ಪ್ರಿಂಗಿನ ಒತ್ತಡವೂ ಹೆಚ್ಚು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ಇಂಜಿನ್ ಹತ್ತಿದ ಸಂತೋಷಕ್ಕೆ ಪೂಜೆ ಮಾಡಿ, ಕಾಯಿ ಒಡೆದು, ಐಡ್ಲಿಂಗಿನಲ್ಲೇ ಬಿಟ್ಟು ಕಾರ್ಬ್ಯುರೇಟರ್ ತಿರುಗಿಸುತ್ತ ನಿಲ್ಲುತ್ತೇವೆ. ಪೂಜೆ ಆಗಲಿ, ಆದರೆ ಸ್ಟಾರ್ಟ್ ಮಾಡುವ ಮೊದಲೇ ಆಗಲಿ.

ಹೊಸ ಕ್ಯಾಮ್ ಹಾಕದವರಿಗೂ ಒಂದು ಮಾತು. ರಾಕರ್ ಕವರ್ ತೆಗೆದು, ಪುಶ್ ರಾಡುಗಳ ಮೇಲೆ ಪೆನ್ನಿನ ಗುರುತು ಹಾಕಿ ಇಂಜಿನ್ ಓಡಿಸಿ ನೋಡಿ. ಗುರುತು ಸುತ್ತುತ್ತಿದ್ದರೆ ಟ್ಯಾಪೆಟ್ ತಿರುಗುತ್ತಿದೆ. ಒಂದು ಮಾತ್ರ ಅಲ್ಲಾಡದೆ ಇದ್ದರೆ ಅದರ ಮೇಲೆ ಕಣ್ಣಿಡಿ. ಅಂಬಾಸಿಡರಿನ ಬ್ಲಾಕಿನ ಪಕ್ಕದಲ್ಲಿ ಟ್ಯಾಪೆಟ್ ಕವರುಗಳಿವೆ. ರಾಕರ್ ಜೋಡಣೆ ಬಿಚ್ಚಿ ಪುಶ್ ರಾಡ್ ಎಳೆದರೆ ಇಂಜಿನ್ ಇಳಿಸದೆಯೇ ಟ್ಯಾಪೆಟ್ ಹೊರತೆಗೆಯಬಹುದು.  ತೆಗೆದದ್ದನ್ನು ಅದೇ ಕ್ರಮದಲ್ಲಿ, ರಟ್ಟಿನಲ್ಲಿ ತೂತು ಮಾಡಿ ನಂಬರ್ ಬರೆದು ಇಡಿ. ಎರಡು ಟ್ಯಾಪೆಟ್ಟುಗಳನ್ನು ತಳಕ್ಕೆ ತಳ ಹಚ್ಚಿ ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಸಣ್ಣ ಸಂದು ಕಂಡರೆ ಉಬ್ಬು ಇನ್ನೂ ಇದೆ, ಹಾಗೇ ವಾಪಸು ಹಾಕಿ ಓಡಿಸಿ. ಅಂಚಿನಲ್ಲಿ ಸಂದೇ ಕಾಣದಿದ್ದರೆ ತಳ ಸಪಾಟಾಗಿದೆ ಇಲ್ಲವೇ ನಡುವೆ ತಗ್ಗಿದೆ, ಆ ಲೋಬನ್ನೂ ನೋಡಿಸಿ. ಆಗ ಬೇಕಾಗುವುದು ಹೊಸ ಕ್ಯಾಮ್, ಹೊಸ ಚಪ್ಪಟೆ ಟ್ಯಾಪೆಟ್ಟುಗಳು, ಒಂದು ಡಬ್ಬಿ 20ಡಬ್ಲ್ಯು-50.