ಬಾಗಿಲು ಹಾಕಿ ಅಂದದ್ದೇ ತಪ್ಪಾಯ್ತಾ?

ಮಧ್ಯಾಹ್ನದ ಊಟ ಸೇರಲಿಲ್ಲ. ಅಣ್ಣ ಬೇರೆ "ಹೋಗ್ಲಿ ಬಿಡು" ಅಂತಾನೆ. ಹೇಗೆ ಬಿಡಲಿ?

ಆಸ್ಪತ್ರೆಯಲ್ಲಿ ಮನೋವೈದ್ಯರ ಕೋಣೆ. ನನ್ನ ಪಕ್ಕದ ಸ್ಟೂಲಿನಲ್ಲೇ ಮುಂದಿನ ಪೇಶೆಂಟನ್ನು ಕೂರಿಸಿದ್ದರು. ಹಿಂದೆ ಇನ್ನಿಬ್ಬರು ಚೀಟಿ ಹಿಡಿದು ನಿಂತಿದ್ದರು. ಬಾಗಿಲು ಹಾರುಹೊಡೆದಿತ್ತು. ಡಾಕ್ಟರು ಫೈಲು ತಿರುವುತ್ತಾ, ತಲೆಯನ್ನೂ ಎತ್ತದೆ ಕೇಳಿದರು: "ಸಾಯೋ ಯೋಚನೆ ಈಗಲೂ ಬರುತ್ತಾ?" ಹೊರಗಿನ ಬೆಂಚಿನವರ ಮಾತು ಗಕ್ಕನೆ ನಿಂತಿತು. ಪಕ್ಕದ ಹೆಂಗಸು ಮಗುವನ್ನು ತನ್ನ ಕಡೆ ಎಳೆದುಕೊಂಡರು. ಅದು ನನ್ನ ಕಣ್ಣಿಗೆ ಬಿತ್ತು.

"ಸರ್, ಬಾಗಿಲು ಹಾಕ್ತೀರಾ" ಅಂದೆ. ಅಷ್ಟೇ. ಅವರು ನನಗೆ ಉತ್ತರವನ್ನೇ ಕೊಡಲಿಲ್ಲ. ಅಣ್ಣನ ಕಡೆ ತಿರುಗಿ, "ಮಾತ್ರೆ ಸರಿಯಾಗಿ ತಗೊಳ್ತಿದಾಳಾ? ಅನುಮಾನ ಜಾಸ್ತಿ ಆಗಿದೆಯಲ್ಲಾ" ಅಂದರು. ನಾನು ಅಲ್ಲೇ ಕೂತಿದ್ದೆ! ಮೈಮೇಲಿನ ಗಾಯ ತೋರಿಸೋಕೆ ಬಂದವರು ಪರದೆ ಎಳೆಯಿರಿ ಅಂದರೆ ಅದು ಮರ್ಯಾದೆ. ನಾನು ಬಾಗಿಲು ಹಾಕಿ ಅಂದರೆ ಅದು ಕಾಯಿಲೆ.

ಆ ಪ್ರಶ್ನೆ ಕೇಳಿದ್ದು ತಪ್ಪಲ್ಲ. ಕೇಳಲೇಬೇಕು. ಆದರೆ ಅಷ್ಟು ಜನರ ಎದುರು ಯಾರು ನಿಜ ಹೇಳುತ್ತಾರೆ? ನಾನು "ಇಲ್ಲ" ಅಂದೆ. ಅವರು ಅದನ್ನೇ ಬರೆದುಕೊಂಡು ಕಳಿಸಿದರು. ನಿಜ ಹೇಳೋಕೆ ಮನೆಗೆ ಬಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಬೇಕಾಯ್ತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಓದಿ. ನಮ್ಮ ಕಾಯಿಲೆ, ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು, ಅದು ನಮ್ಮ ಹಕ್ಕು ಅಂತ ಇದೆ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಹೀಗೆ ಕೆಲವು ವಿನಾಯಿತಿಗಳೂ ಇವೆ. ಬೆಂಚಿನ ಮೇಲೆ ಕೂತವರು ಯಾವ ವಿನಾಯಿತಿಯಲ್ಲಿ ಬರುತ್ತಾರೆ?

ರಶ್ಶು ಅಂತಾರೆ. ಗೊತ್ತು. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶ ಇದು. ಬೆಳಿಗ್ಗೆಯಿಂದ ಅವರೂ ನೀರು ಕುಡಿದಿರಲಿಕ್ಕಿಲ್ಲ. ಆದರೆ ಬಾಗಿಲು ಮುಚ್ಚೋಕೆ ಎಷ್ಟು ಹೊತ್ತು ಬೇಕು? 28ನೇ ಸೆಕ್ಷನ್ ಪ್ರಕಾರ ದೂರು ಕೊಡಬಹುದು. ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ, ಕೇಳದಿದ್ದರೆ ಇದೇ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಬೋರ್ಡಿಗೆ. ಕೊಟ್ಟೇ ಕೊಡುತ್ತೇನೆ. ಕೊಟ್ಟು ಏನು ಮಾಡಲಿ, ಮಾತ್ರೆ ಮುಗಿದ ಮೇಲೆ ಮತ್ತೆ ಅದೇ ಸ್ಟೂಲು ತಾನೇ? ನಮ್ಮ ಕಡೆ ಬೇರೆ ಡಾಕ್ಟರೇ ಇಲ್ಲ.

ಈ ಕೆಲಸದಲ್ಲಿರೋರು ಯಾರಾದರೂ ಓದುತ್ತಿದ್ದರೆ ಉತ್ತರ ಕೊಡಿ. ನಾನು ಬಾಗಿಲು ಹಾಕಿ ಅಂದದ್ದನ್ನು ಫೈಲಿನಲ್ಲಿ ಏನಂತ ಬರೆದಿರುತ್ತಾರೆ? ಅನುಮಾನ ಅಂತಲೇ ಬರೆದಿದ್ದರೆ ಅದನ್ನು ತೆಗೆಸೋಕೆ ಯಾರನ್ನು ಕೇಳಬೇಕು?