ಯುಕೆಜಿಗೆ ಬಂದ ಅಳಗುಳಿ ಮಣೆ

"ಇವತ್ತು ಏನು ಬರೆಸಿದ್ರಿ ಮಿಸ್?" ಅಂತ ಗೇಟಿನ ಹತ್ತಿರ ಕೇಳುವ ಅಪ್ಪ ಅಮ್ಮಂದಿರ ಮೇಲೆ ನನಗೆ ಸಿಟ್ಟಿಲ್ಲ. ಒಂದನೇ ಕ್ಲಾಸಿನ ಅಡ್ಮಿಷನ್ ಚಿಂತೆ ಅವರದು. ಆದರೆ ಐದು ವರ್ಷದ ಮಗುವಿನ ದಿನವನ್ನು ಲೆಕ್ಕಕ್ಕಿಷ್ಟು, ಕ್ರಾಫ್ಟಿಗಿಷ್ಟು, ರೈಮ್ಸಿಗಿಷ್ಟು ಅಂತ ಹೋಳು ಮಾಡುವುದನ್ನು ನಾನು ಒಪ್ಪಲಾರೆ. ಇತಿಹಾಸವಂತೂ ಆ ವಯಸ್ಸಿಗೆ ಬೇಡವೇ ಬೇಡ ಅಂತ ತೀರ್ಮಾನಿಸಿಬಿಟ್ಟಿದ್ದೇವೆ. ನವೆಂಬರ್ 1ಕ್ಕೆ ಕಿತ್ತೂರು ಚೆನ್ನಮ್ಮನ ವೇಷ ಹಾಕಿಸಿ, ಫೋಟೋ ತೆಗೆದು, ಅಲ್ಲಿಗೆ ಮುಗಿಸುತ್ತೇವೆ. ಆ ಕಿರೀಟವನ್ನೂ ಹಿಂದಿನ ರಾತ್ರಿ ಕೂತು ಮಾಡಿದವರು ಅಮ್ಮ.

ನನ್ನ ಕ್ಲಾಸಿನಲ್ಲಿ ಇತಿಹಾಸ, ಲೆಕ್ಕ, ಕೈಕೆಲಸ ಮೂರೂ ಒಂದೇ ವಸ್ತುವಿನೊಳಗೆ ಬರುತ್ತವೆ. ಆ ವಸ್ತು ಅಳಗುಳಿ ಮಣೆ, ಗುಳಿಗಳಿಗೆ ಬೀಜ ಹಂಚುತ್ತಾ ಇಬ್ಬರು ಎದುರುಬದುರು ಕೂತು ಆಡುವ ಆಟದ ಹಲಗೆ. ಕರಾವಳಿಯವರಿಗೆ ಅದು ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ.

ಮಣೆಯನ್ನು ಮಕ್ಕಳೇ ಮಾಡುತ್ತಾರೆ. ಮೂವತ್ತು ಮೊಟ್ಟೆ ಹಿಡಿಯುವ ರಟ್ಟಿನ ಟ್ರೇ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅಂಗನವಾಡಿಗಳಲ್ಲಂತೂ ಮೊಟ್ಟೆ ಕೊಡುವುದರಿಂದ ಕೇಳುವುದೇ ಬೇಡ. ಆ ಟ್ರೇಯಲ್ಲಿ ಉದ್ದದ ಸಾಲಿಗೆ ಆರು ಗುಳಿ. ಎರಡು ಸಾಲು ಕತ್ತರಿಸಿ ಕೊಟ್ಟರೆ ಹನ್ನೆರಡೇ ಆಗುತ್ತವೆ. "ಮಿಸ್, ಇನ್ನೂ ಬೇಕು!" ಅಂತ ಅವರೇ ಕಂಡುಹಿಡಿಯಬೇಕು. ಒಂದು ಸಾಲಿಗೆ ಎಷ್ಟು ಕಮ್ಮಿ? ಹಾಗಾದರೆ ಎರಡು ಸಾಲಿಗೆ? ಉಳಿದ ತುಂಡಿನಿಂದ ಎರಡು ಗುಳಿ ಬಿಡಿಸಿ, ಈ ಸಾಲಿಗೊಂದು ಆ ಸಾಲಿಗೊಂದು ಅಂಟಿಸುವ ಹೊತ್ತಿಗೆ ಕೂಡುವುದು ಕಳೆಯುವುದು ಎರಡೂ ಆಗಿರುತ್ತದೆ. ಹೆಸರು ಹೇಳುವ ಅವಸರ ನನಗಿಲ್ಲ.

ಆಮೇಲೆ ಗುಳಿಗೆ ನಾಲ್ಕರಂತೆ ಹುಣಸೆ ಬೀಜ. ಒಟ್ಟು 56. ಅಷ್ಟು ಎಣಿಸಲು ಬಾರದ ಮಗುವೂ ನಾಲ್ಕು ನಾಲ್ಕಾಗಿ ತಪ್ಪದೆ ಹಂಚುತ್ತದೆ. ಒಂದು ಗುಳಿಯ ಬೀಜ ಎತ್ತಿ, ಮುಂದಿನ ಒಂದೊಂದಕ್ಕೆ ಒಂದೊಂದು ಹಾಕುತ್ತಾ ಹೋಗುವಾಗ ಬಾಯಿಯ ಎಣಿಕೆ ಮತ್ತು ಕೈಯ ಓಟ ಜೊತೆಯಾಗಬೇಕು. "ಒಂದು ಎರಡು ಮೂರು" ಅಂತ ಕಂಠಪಾಠ ಒಪ್ಪಿಸುವ ಎಷ್ಟೋ ಮಕ್ಕಳು ತಡವರಿಸುವುದು ಇಲ್ಲೇ. ಖಾಲಿ ಗುಳಿಯಲ್ಲಿ ಮತ್ತೆ ನಾಲ್ಕು ಕೂಡಿದರೆ ಎತ್ತಿಕೊಳ್ಳಬಹುದು ಅನ್ನುವ ನಿಯಮ ಹಲವು ಕಡೆ ಇದೆ. ಅದನ್ನು ಆಡಿಸಿದರೆ, ಕೆಲವು ವಾರಗಳಲ್ಲಿ ಮಕ್ಕಳು ಎಣಿಸುವುದನ್ನೇ ಬಿಟ್ಟು, ಕಂಡ ಕೂಡಲೇ "ನಾಲ್ಕು!" ಅಂತ ಕೈ ಹಾಕುತ್ತಾರೆ. ಇನ್ನೂ ಸ್ವಲ್ಪ ಪಳಗಿದವರು, ಇಲ್ಲಿಂದ ಎತ್ತಿದರೆ ಎಲ್ಲಿಗೆ ಹೋಗಿ ಮುಗಿಯುತ್ತದೆ ಅಂತ ಕಣ್ಣಲ್ಲೇ ಲೆಕ್ಕ ಹಾಕಿ ನೋಡುತ್ತಾರೆ. ಇದನ್ನು ಯಾವ ವರ್ಕ್‌ಬುಕ್ಕಿನ ಪುಟವೂ ನನಗೆ ಮಾಡಿಕೊಟ್ಟಿಲ್ಲ.

ಇತಿಹಾಸ ಎಲ್ಲಿ ಬಂತು ಅಂತ ಕೇಳಬಹುದು. ಆಟ ಕಲಿಸಲು ಯಾರದಾದರೂ ಅಜ್ಜಿಯನ್ನು ಕರೆಯುತ್ತೇವೆ. ಅವರು ತರುವುದು ಮರದ ಮಣೆ. ಮಕ್ಕಳು ಬಿಡುತ್ತಾರೆಯೇ? "ನಿಮಗೆ ಇದು ಯಾರು ಕೊಟ್ಟಿದ್ದು ಅಜ್ಜಿ? ಅವರಿಗೆ ಯಾರು ಕೊಟ್ಟಿದ್ದು?" ನಂತರ ನಾನು ಹಂಪಿಯ ಫೋಟೋ ತೋರಿಸುತ್ತೇನೆ. ಅಲ್ಲಿನ ಕಲ್ಲು ಹಾಸುಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಹೋದವರು ನೋಡಿರುತ್ತೀರಿ. ರಾಜರು ಬರೆಸಿದ ಶಾಸನ ಅಲ್ಲ, ಬಿಡುವಿನಲ್ಲಿ ಕೂತ ಯಾರೋ ಕೊರೆದದ್ದು. ಅವರು ಅಲ್ಲಿ ಯಾಕೆ ಕೂತಿದ್ದರು? ಜೊತೆಗೆ ಯಾರಿದ್ದರು? ಕಾಯಿಗೆ ಏನು ಬಳಸಿದರು? ಉಳಿದ ಗುರುತಿನಿಂದ ಉಳಿಯದ ಮನುಷ್ಯರನ್ನು ಊಹಿಸುವುದೇ ಇತಿಹಾಸದ ಕೆಲಸ, ಮತ್ತು ಅದಕ್ಕೆ ಇಸವಿ ಬಾಯಿಪಾಠ ಬೇಕಿಲ್ಲ. ಕಲ್ಲು, ಮರ, ಮೊಟ್ಟೆ ಟ್ರೇ ಮೂರರ ಚಿತ್ರವನ್ನು ಸಾಲಾಗಿ ಗೋಡೆಗೆ ಅಂಟಿಸಿದರೆ ಆ ವಯಸ್ಸಿಗೆ ಕಾಲದ ಅರಿವು ಸಾಕು.

ಇದು ನನ್ನ ಹೊಸ ಶೋಧವೇನೂ ಅಲ್ಲ. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟ ಫ್ರೋಬೆಲ್ ಮಕ್ಕಳ ಕೈಗೆ ಕೊಟ್ಟಿದ್ದು ಉಣ್ಣೆಯ ಚೆಂಡು, ಮರದ ಗುಂಡು, ಎಂಟು ಸಣ್ಣ ಘನಗಳು ಕೂಡಿ ಆಗುವ ಒಂದು ದೊಡ್ಡ ಘನ. ಜೊತೆಗೆ ಕಾಗದ ಮಡಚುವ, ಹೆಣೆಯುವ, ಜೇಡಿಮಣ್ಣಿನ ಕೆಲಸ. ಸ್ಫಟಿಕಗಳ ರಚನೆಯನ್ನು ಓದಿದ್ದ ಮನುಷ್ಯ. ಕೈಕೆಲಸದಲ್ಲಿ ಆತನಿಗೆ ರೇಖಾಗಣಿತ ಕಂಡಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಪಾಠ ಕಲಿಸುವ ನಯೀ ತಾಲೀಮ್ ಶಿಕ್ಷಣವನ್ನು ಮುಂದಿಟ್ಟಾಗ, ತಕಲಿಯಲ್ಲಿ ನೂಲುತ್ತಲೇ ಲೆಕ್ಕವನ್ನೂ ಹತ್ತಿಯ ಚರಿತ್ರೆಯನ್ನೂ ಕಲಿಸಬಹುದು ಅಂದರು. ಅವರು ಹೇಳಿದ್ದು ಏಳು ವರ್ಷ ದಾಟಿದವರ ಶಿಕ್ಷಣಕ್ಕೆ. ಐದರ ಮಕ್ಕಳಿಗೆ ಅದು ಇನ್ನೂ ಹೆಚ್ಚು ಸಲ್ಲುತ್ತದೆ ಅಂತ ನನ್ನ ನಂಬಿಕೆ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕವೇ ಕಲಿಸಿ ಅನ್ನುತ್ತದೆ. ಕಾಗದದ ಮೇಲೆ ಎಲ್ಲ ಇದೆ. ಕ್ಲಾಸಿನಲ್ಲಿ ಮಾತ್ರ ನಾಲ್ಕು ಗೆರೆ ಕಾಪಿ.

ಅಳಗುಳಿ ಮಣೆಯೇ ಆಗಬೇಕೆಂದಿಲ್ಲ. ಉತ್ತರ ಕರ್ನಾಟಕದವರಾದರೆ ಕಸೂತಿ ಇದೆ. ನೂಲಿನ ಎಳೆ ಎಣಿಸಿಯೇ ಹಾಕುವ ಹೊಲಿಗೆ ಅದು. ಮಕ್ಕಳಿಗೆ ಚೌಕಳಿ ಕಾಗದದ ಮೇಲೆ ಬಣ್ಣದ ಗೆರೆ ಸಾಕು. ಎಲ್ಲರ ಮನೆಯಂಗಳದ ಚುಕ್ಕಿ ರಂಗೋಲಿಯಂತೂ ಇದ್ದೇ ಇದೆ.

ಪೋಷಕರಲ್ಲಿ ನನ್ನ ಬೇಡಿಕೆ: ವಾರಕ್ಕೊಂದು ದಿನ ಮಗು ಏನೂ ಬರೆಯದೆ ಮನೆಗೆ ಬಂದರೆ ಬೇಸರಿಸಬೇಡಿ. ಏನು ಆಡಿದೆ ಅಂತ ಕೇಳಿ, ಎದುರು ಕೂತು ಒಂದಾಟ ಆಡಿ. ಶಿಕ್ಷಕರಿಗೆ ಒಂದು ಎಚ್ಚರಿಕೆಯ ಮಾತು. ಗುಲಗಂಜಿ ಚೆಂದ ಕಾಣುತ್ತದೆ ಅಂತ ಕ್ಲಾಸಿಗೆ ತರಬೇಡಿ, ಅದು ವಿಷ. ಹುಣಸೆ ಬೀಜವನ್ನೂ ದೊಡ್ಡವರು ಜೊತೆಯಲ್ಲಿ ಕೂತಾಗ ಮಾತ್ರ ಕೊಡಿ, ಆಟ ಮುಗಿದ ಮೇಲೆ ಮಕ್ಕಳ ಕೈಯಲ್ಲೇ ಎಣಿಸಿ ಡಬ್ಬಿಗೆ ಹಾಕಿಸಿ.