ಸೋಹಮ್‌ನ ಆ ರಾತ್ರಿ ಡ್ಯೂಟಿಯಲ್ಲಿದ್ದವರು

ಜೂನ್ 2 ಬಂತೆಂದರೆ ನನಗೆ ಬೆಂಜಮಿನ್ ಗಿಂಬರ್ಟ್, ಜೇಮ್ಸ್ ನೈಟಾಲ್ ನೆನಪಾಗುತ್ತಾರೆ. ಇಂಗ್ಲೆಂಡಿನ ರೈಲ್ವೆ ಕೆಲಸಗಾರರು. ಗಿಂಬರ್ಟ್ ಡ್ರೈವರ್, ನೈಟಾಲ್ ಫೈರ್‌ಮನ್, ಅಂದರೆ ಉಗಿ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವರು. ನೈಟಾಲ್‌ಗೆ ಆಗ ಬರೀ 22 ವರ್ಷ.

1944ರ ಆ ರಾತ್ರಿ ಅವರ ಗೂಡ್ಸ್ ರೈಲಿಗೆ 51 ವ್ಯಾಗನ್‌ಗಳು. ಹೆಚ್ಚಿನವುಗಳಲ್ಲಿ ಬಾಂಬು. ಕೇಂಬ್ರಿಡ್ಜ್‌ಶೈರ್‌ನ ಸೋಹಮ್ ಹತ್ತಿರವಾದಾಗ ಎಂಜಿನ್ ಹಿಂದಿನ ಮೊದಲ ವ್ಯಾಗನ್ನಿಗೇ ಬೆಂಕಿ ಬಿದ್ದದ್ದು ಗಿಂಬರ್ಟ್ ಕಣ್ಣಿಗೆ ಬಿತ್ತು. ಇಬ್ಬರೂ ಇಳಿದು ಓಡಬಹುದಿತ್ತು. ಓಡಲಿಲ್ಲ. ಗಿಂಬರ್ಟ್ ರೈಲನ್ನು ಕುಲುಕದಂತೆ ನಿಧಾನವಾಗಿ ನಿಲ್ಲಿಸಿದರು. ವ್ಯಾಗನ್‌ಗಳನ್ನು ಜೋಡಿಸುವ ಕಪ್ಲಿಂಗ್ ಕಾದಿರಬಹುದು, ಸುತ್ತಿಗೆ ತಗೊಂಡು ಹೋಗು ಎಂದು ನೈಟಾಲ್‌ಗೆ ಹೇಳಿದರು. ಹುಡುಗ ಇಳಿದ, ಕಪ್ಲಿಂಗ್ ಬಿಚ್ಚಿದ, ಮತ್ತೆ ಎಂಜಿನ್ ಹತ್ತಿದ.

ಆ ಸುತ್ತಿಗೆಯ ವಿಷಯ ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ. ಸಾವು ಬೆನ್ನ ಹಿಂದೆಯೇ ಉರಿಯುತ್ತಿದೆ, ಆದರೂ ತಲೆಯಲ್ಲಿ ಕೆಲಸವೇ ಓಡುತ್ತಿದೆ. ಇದನ್ನು ಬರೀ ಧೈರ್ಯ ಅಂದರೆ ಕಡಿಮೆಯಾಗುತ್ತದೆ. ಅವರಿಗೆ ಕೆಲಸ ಗೊತ್ತಿತ್ತು.

50 ವ್ಯಾಗನ್ ಹಿಂದೆ ಬಿಟ್ಟು, ಉರಿಯುವ ಒಂದನ್ನು ಊರಾಚೆಗೆ ಎಳೆದುಕೊಂಡು ಹೊರಟರು. ಸ್ಟೇಷನ್ನಿನಲ್ಲಿ ಸಿಗ್ನಲ್‌ಮನ್ ಫ್ರಾಂಕ್ ಬ್ರಿಡ್ಜಸ್‌ಗೆ ಗಿಂಬರ್ಟ್ ಕೂಗಿ ಕೇಳಿದ್ದು ಮೇಲ್ ರೈಲು ಎಲ್ಲಿದೆ ಅಂತ. ಆಗಲೂ ಇನ್ನೊಂದು ರೈಲಿನ ಚಿಂತೆ! ಅಷ್ಟರಲ್ಲಿ ವ್ಯಾಗನ್ ಸಿಡಿಯಿತು. ನೈಟಾಲ್ ಅಲ್ಲೇ ತೀರಿಕೊಂಡರು, ಬ್ರಿಡ್ಜಸ್ ಮರುದಿನ. ದೂರಕ್ಕೆ ಎಸೆಯಲ್ಪಟ್ಟ ಗಿಂಬರ್ಟ್ ಹೇಗೋ ಬದುಕಿ, 1976ರವರೆಗೂ ಇದ್ದರು. ಸ್ಟೇಷನ್ ನೆಲಸಮವಾಯಿತು, ನೂರಾರು ಮನೆಗಳಿಗೆ ಪೆಟ್ಟಾಯಿತು, ಆದರೆ ಊರು ಉಳಿಯಿತು. ಹಳಿಯಲ್ಲಿ ಬಿದ್ದ ದೊಡ್ಡ ಗುಂಡಿಯನ್ನು ಅದೇ ದಿನ ಮುಚ್ಚಿ, ರಾತ್ರಿಯೊಳಗೆ ರೈಲು ಬಿಟ್ಟರು. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಫ್ರಾನ್ಸಿನ ತೀರಕ್ಕಿಳಿದ ನಾರ್ಮಂಡಿ ದಾಳಿಗೆ ಉಳಿದಿದ್ದದ್ದು ನಾಲ್ಕೇ ದಿನ.

ಗಿಂಬರ್ಟ್, ನೈಟಾಲ್ ಇಬ್ಬರಿಗೂ ಬ್ರಿಟನ್ನಿನ ದೊಡ್ಡ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಸಿಕ್ಕಿತು. 1981ರಲ್ಲಿ ಎರಡು ಎಂಜಿನ್‌ಗಳಿಗೆ ಅವರ ಹೆಸರಿಟ್ಟರು. ನನಗೆ ಇದು ಯಾವ ಪ್ರತಿಮೆಗಿಂತಲೂ ಜಾಸ್ತಿ ಇಷ್ಟ. ರೈಲ್ವೆಯವರ ಹೆಸರು ಹಳಿಯ ಮೇಲೆ ಓಡಾಡುತ್ತಿರಬೇಕು, ಅಲ್ವಾ?

ಆದರೆ ಬ್ರಿಡ್ಜಸ್‌ಗೆ ಜಾರ್ಜ್ ಕ್ರಾಸ್ ಬರಲಿಲ್ಲ. ಗಾರ್ಡ್ ಹರ್ಬರ್ಟ್ ಕ್ಲಾರ್ಕ್‌ಗೂ ಇಲ್ಲ. ಸ್ಫೋಟದ ಹೊಡೆತಕ್ಕೆ ಸಿಕ್ಕಿದ್ದ ಕ್ಲಾರ್ಕ್ ಎದ್ದು, ಹಿಂದಿನಿಂದ ಇನ್ನೊಂದು ರೈಲು ಬರದಿರಲಿ ಎಂದು ಎಚ್ಚರಿಸಲು ಕತ್ತಲಲ್ಲಿ ಹಳಿಗುಂಟ ನಡೆದುಹೋದರು. ಪದಕ ಸಿಕ್ಕವರನ್ನಷ್ಟೇ ನೆನೆದರೆ ಈ ಕಥೆ ಅರ್ಧವೇ ಉಳಿಯುತ್ತದೆ. ಇನ್ನೆರಡು ಎಂಜಿನ್‌ಗಳ ಮೇಲೆ ಬ್ರಿಡ್ಜಸ್, ಕ್ಲಾರ್ಕ್ ಹೆಸರೂ ಬರಲಿ ಎನ್ನುವುದು ನನ್ನಾಸೆ.